ಇಲಿವಾರದ ಬಂದೂಕು

ಲಗಮಪ್ಪ ಟೇಲರನಿಗೆ ವರ್ಷಕ್ಕೆ ಒಂದೇ ಒಂದು ದಿನ ಪೂರ್ತಿ ರಜೆ, ಮತ್ತು ಆ ರಜೆ ಕೊಡುವುದು ಇಲಿ. ಗಣೇಶ ಚೌತಿಯ ಮರುದಿನ ಇಲಿವಾರ. ಅಂದು ಅವನ ಮನೆಯಲ್ಲಿ ಕತ್ತರಿ ಹಿಡಿಯುವಂತಿಲ್ಲ, ಮಷೀನು ತುಳಿಯುವಂತಿಲ್ಲ, ಸೂಜಿಗೆ ದಾರ ಸಹ ಪೋಣಿಸುವಂತಿಲ್ಲ. ಪೇಪರ್ ಮಿಲ್ಲಿನವರ ಬಟ್ಟೆ ಹೊಲಿದು ಬದುಕೋಣವೆಂದು ಅವನ ಅಜ್ಜ ಬೈಲಹೊಂಗಲದ ಕಡೆಯಿಂದ ದಾಂಡೇಲಿಗೆ ಬಂದಾಗ ಮಷೀನಿನ ಜೊತೆ ಈ ಪದ್ಧತಿಯನ್ನೂ ಹೊತ್ತುಕೊಂಡೇ ಬಂದಿದ್ದ. ಒಂದು ದಿನ ನಾವು ಇಲಿಗೆ ಕಡುಬು ಇಟ್ಟು ಕೈಮುಗಿದರೆ ವರ್ಷವಿಡೀ ಅದು ನಮ್ಮ ಬಟ್ಟೆಗೆ ಬಾಯಿ ಹಾಕುವುದಿಲ್ಲ ಎಂಬುದು ಒಪ್ಪಂದ. ಈ ಒಪ್ಪಂದವನ್ನು ಇಲಿಗಳಿಗೆ ಯಾರೂ ತಿಳಿಸಿ ಹೇಳಿದಂತಿಲ್ಲ, ಅದಿರಲಿ.

ಈ ವರ್ಷ ಲಗಮಪ್ಪ ಏನು ಮಾಡಿದನಪ್ಪಾ ಎಂದರೆ, ಇಲಿ ಕೊಟ್ಟ ಆ ರಜೆಯಲ್ಲೇ ಇಲಿ ಹೊಡೆಯುವ ಏರ್ ಗನ್ ತರಲು ಹುಬ್ಬಳ್ಳಿಗೆ ಹೊರಟ.

ಸುಮ್ಮನೆ ಹೊರಟವನಲ್ಲ, ಪಾಪ. ಅವನ ಮಗಳು ಸಹನಾಳನ್ನು ಹಳಿಯಾಳಕ್ಕೆ ಕೊಟ್ಟಿತ್ತು. ಈಗ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು, ನಾಡಿದ್ದು ಕುಬಸ, ಎಂದರೆ ಸೀಮಂತದ ಕಾರ್ಯ. ಹಸಿರು ಸೀರೆ ಬಂದಿತ್ತು, ಹಸಿರು ಬಳೆ ಬಂದಿದ್ದವು. ಕುಪ್ಪಸ ಮಾತ್ರ ಅಂಗಡಿಯದಲ್ಲ. ಲಗಮಪ್ಪನ ತಾಯಿ ಗುರುಬಸವ್ವ ಕೊನೆಯ ದಿನಗಳಲ್ಲಿ ಟ್ರಂಕಿನ ತಳದಿಂದ ಒಂದು ಗುಳೇದಗುಡ್ಡದ ಹಸಿರು ಖಣ ತೆಗೆದು ಮಗನ ಕೈಗಿಟ್ಟು, "ಸಾನಿ ಕುಬಸಕ್ಕ ಇದನ್ನ ನೀನ ಹೊಲದ ಕೊಡು. ಬ್ಯಾರೆಯವ್ರ ಕೈಗೆ ಕೊಡಬ್ಯಾಡ," ಎಂದು ಹೇಳಿ ಕಣ್ಣು ಮುಚ್ಚಿದ್ದಳು. ಆಗ ಸಹನಾಳಿಗೆ ಮದುವೆಯೇ ಆಗಿರಲಿಲ್ಲ. ಅಷ್ಟು ಮುಂದಿನದನ್ನು ನೋಡಿದ್ದಳು ಮುದುಕಿ.

ಮೂರು ದಿನದ ಹಿಂದೆ ಲಗಮಪ್ಪ ಆ ಖಣಕ್ಕೆ ಕತ್ತರಿ ಹಾಕಿದ. ಒಮ್ಮೆ ಅಳತೆ ತೆಗೆದುಕೊಳ್ಳಿ ಎಂದು ಹೆಂಡತಿ ದುರ್ಗವ್ವ ಹೇಳಿದ್ದಕ್ಕೆ ಅವನು ನಕ್ಕುಬಿಟ್ಟ. ತೊಟ್ಟಿಲ ಅಂಗಿಯಿಂದ ಮದುವೆಯ ಕುಪ್ಪಸದವರೆಗೆ ಸಾನಿಯ ಮೈಮೇಲಿನದೆಲ್ಲ ನನ್ನ ಕೈಯದೇ, ನನ್ನ ಮಗಳ ಅಳತೆಗೆ ನನಗೆ ಟೇಪು ಬೇಕೇ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ. ಕುಪ್ಪಸ ಹೊಲಿದಾದ ಮೇಲೆ ಖಣದಲ್ಲಿ ಒಂದು ಗೇಣು ತುಂಡು ಉಳಿಯಿತು. ಅದನ್ನೂ ತೋರಿಸಿ ಹೆಮ್ಮೆಪಟ್ಟ.

ಚೌತಿಯ ಸಂಜೆ ಗಂಡ ಹೆಂಡತಿ ಮಿಲ್ ಕಾಲನಿಯ ಗಣಪತಿ ನೋಡಿಕೊಂಡು ಬರುವಷ್ಟರಲ್ಲಿ ಸಹನಾ ಸಣ್ಣ ಮುಖ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಸಿರು ಕುಪ್ಪಸ. ಬಲದೋಳಿನ ಅಂಚು ನಾಲ್ಕು ಬೆರಳಗಲ ಹೋಗಿತ್ತು, ಉಳಿದ ತುದಿ ಹಲ್ಲು ಹಲ್ಲಾಗಿ ಕಾಣುತ್ತಿತ್ತು. "ಅಪ್ಪಾ, ಇಲಿ..." ಎಂದಳು.

ಲಗಮಪ್ಪ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಮಗಳ ಎದುರಿಗೇ ಅತ್ತುಬಿಡುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಡಬ್ಬಿಯಲ್ಲಿಡು ಎಂದು ಹೇಳಿ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಉಳಿದ ತುಂಡಿನಲ್ಲಿ ಒಂದು ತೋಳು ಹೊರಡುತ್ತದೆ, ಒಂದೇ ಒಂದು. ಇನ್ನೊಮ್ಮೆ ಆ ಇಲಿ ಬಾಯಿ ಹಾಕಿತೋ, ಅವ್ವನ ಮಾತು ಮಣ್ಣುಗೂಡಿದಂತೆಯೇ.

ಆ ಇಲಿಯೇನು ಹೊಸದಲ್ಲ. ಮಿಲ್ಲಿನ ಫೋರ್‌ಮನ್ ಒಬ್ಬರ ಪ್ಯಾಂಟಿನ ಕಿಸೆಯಲ್ಲಿ ಶೇಂಗಾ ಉಳಿದಿತ್ತೆಂದು ಕಿಸೆಯನ್ನೇ ತಿಂದಿತ್ತು. ಬೋನಿಟ್ಟರೆ ಒಳಗಿನ ರೊಟ್ಟಿ ತಿಂದು ವಾಪಸು ಹೋಗುತ್ತಿತ್ತು. ಅಂಟಿನ ಹಾಳೆ ಹಾಕಿದರೆ ಅದಕ್ಕೆ ಸಿಕ್ಕಿದ್ದು ಲಗಮಪ್ಪನ ಕಾಲೇ. ಪಕ್ಕದ ಮನೆಯ ಮದೀನಾಬಿ ತನ್ನ ಬೆಕ್ಕನ್ನು ಎರಡು ದಿನ ಕಳಿಸಿಕೊಟ್ಟಳು. ಅದು ಹೊಸ ಯೂನಿಫಾರ್ಮಿನ ಗಂಟಿನ ಮೇಲೆ ಎರಡು ದಿನ ನಿದ್ದೆ ಮಾಡಿ ಮನೆಗೆ ಹೋಯಿತು. ವಿಷ ಇಡೋಣವೆಂದರೆ ಮನೆಯಲ್ಲಿ ಬಸುರಿ ಹುಡುಗಿ, ದುರ್ಗವ್ವ ಅದರ ಹೆಸರನ್ನೂ ಎತ್ತಗೊಡಲಿಲ್ಲ.

ಬಂದೂಕಿನ ವಿಚಾರ ಎತ್ತಿದವನು ಮದೀನಾಬಿಯ ಗಂಡ, ಮೋಟರ್‌ಸೈಕಲ್ ಮೆಕ್ಯಾನಿಕ್ ತಾಜುದ್ದೀನ. ಏರ್ ಗನ್ನಿಗೆ ಲೈಸೆನ್ಸು ಬೇಕಿಲ್ಲ, ಆಧಾರ್ ಕಾರ್ಡಿನ ಝೆರಾಕ್ಸು ಕೊಟ್ಟರೆ ಸಾಕು ಎಂದು ಅವನಿಗೆ ಯಾರೋ ಹೇಳಿದ್ದರು. ಎದುರು ಮನೆಯ ಬಸಲಿಂಗಯ್ಯ ತಾನೂ ಜೊತೆಗೆ ಬರುವುದಾಗಿ ಹೇಳಿದ. ಆತ ಅರಣ್ಯ ಇಲಾಖೆಯಲ್ಲಿ ಮೂವತ್ತು ವರ್ಷ ವಾಚರ್ ಆಗಿದ್ದವನು, ಬಂದೂಕಿನ ವಿಷಯದಲ್ಲಿ ಓಣಿಗೆ ಆತನ ಮಾತೇ ಕೊನೆ. ನಿಜ ಹೇಳಬೇಕೆಂದರೆ ಆ ಮೂವತ್ತು ವರ್ಷವೂ ಆತನ ಕೈಯಲ್ಲಿದ್ದದ್ದು ಬೆತ್ತ. ಒಮ್ಮೆ ಮಾತ್ರ ಸಾಹೇಬರು ಚಹಾ ಕುಡಿದು ಮುಗಿಸುವವರೆಗೆ ಅವರ ಬಂದೂಕನ್ನು ಹಿಡಿದುಕೊಂಡು ನಿಂತಿದ್ದ.

ಇಲಿವಾರದ ಬೆಳಿಗ್ಗೆ ದುರ್ಗವ್ವ ಮಷೀನಿಗೆ ಅರಿಸಿನ ಕುಂಕುಮ ಹಚ್ಚಿದಳು. ದೊಡ್ಡ ಕತ್ತರಿ, ಸಣ್ಣ ಕತ್ತರಿ, ಬಟ್ಟೆ ಎಳೆ ಬಿಚ್ಚದಂತೆ ಅಂಚು ಕತ್ತರಿಸುವ ಜಿಗ್‌ಜಾಗ್ ಕತ್ತರಿ, ಮೂರನ್ನೂ ಸಾಲಾಗಿ ಇಟ್ಟು ಹೂವು ಏರಿಸಿದಳು. ಕುಬಸದ ಸಂತೆಗೆಂದು ಹೇಳಿ ಲಗಮಪ್ಪ ಮೊದಲ ಬಸ್ಸಿಗೇ ಜಾಗ ಖಾಲಿ ಮಾಡಿದ. ಹಿಂದೆ ತಾಜುದ್ದೀನ, ಅವನ ಹಿಂದೆ ಬಸಲಿಂಗಯ್ಯ. ಮೂವರಿಗೂ ಮಧ್ಯಾಹ್ನ ಕಡುಬಿನ ಊಟಕ್ಕೆ ಬರಲೇಬೇಕೆಂದು ದುರ್ಗವ್ವ ಕೂಗಿ ಹೇಳಿದಳು.

ಹುಬ್ಬಳ್ಳಿಯ ಅಂಗಡಿಯಲ್ಲಿ ಗೋಡೆಯ ತುಂಬ ಬಂದೂಕು. ಯಾತಕ್ಕೆ ಬೇಕು ಎಂದು ಅಂಗಡಿಯಾತ ಕೇಳಿದ. ಬೆಳೆಗೆ ಕಾಟ ಕೊಡುವ ಪ್ರಾಣಿಗಳಿಗೆ ಎಂದು ಬಸಲಿಂಗಯ್ಯ ಗಂಭೀರವಾಗಿ ಶುರುಮಾಡುವಷ್ಟರಲ್ಲಿ ಲಗಮಪ್ಪ "ಇಲಿಗ್ರಿ, ಒಂದ ಇಲಿಗೆ," ಎಂದುಬಿಟ್ಟ. ಎಷ್ಟು ದೂರದಿಂದ ಹೊಡೆಯಬೇಕು ಎಂದದ್ದಕ್ಕೆ, ಮಷೀನಿನಿಂದ ಕಪಾಟಿನ ತನಕ, ಎಂಟು ಫೂಟು ಎಂದು ಲೆಕ್ಕ ಕೊಟ್ಟ.

ತಾಜುದ್ದೀನನಿಗೆ ಮೇಲಿನ ಸಾಲಿನ ದಪ್ಪ ನಳಿಗೆಯದು ಮನಸ್ಸಿಗೆ ಬಂದಿತ್ತು. ಅಂಗಡಿಯಾತ ತಲೆಯಾಡಿಸಿದ. ಆ ಪಾಯಿಂಟ್ ಟೂ ಟೂ ಗುಂಡು ಇಷ್ಟು ಹತ್ತಿರದಿಂದ ಬಿಟ್ಟರೆ ಇಲಿಯನ್ನೂ ಕಪಾಟನ್ನೂ ದಾಟಿ ಒಳಗಿನ ಪ್ಯಾಂಟುಗಳಿಗೆಲ್ಲ ಹೊಸ ಕಾಜ ಮಾಡುತ್ತದೆ ಎಂದ. ಇಲಿಗೆ ಸಣ್ಣದು, ಪಾಯಿಂಟ್ ಒನ್ ಸೆವೆನ್ ಸೆವೆನ್ ಸಾಕು. ಸ್ಪ್ರಿಂಗಿನದು, ನಳಿಗೆ ಮಡಚಿ ಗುಂಡು ಹಾಕುವಂಥದು, ಆದಷ್ಟು ಕಡಿಮೆ ಜೋರಿನದು. ಅದೂ ಕೂಡ ಗೋಡೆಗೆ ಬಡಿದರೆ ತಿರುಗಿ ಬಂದು ಹೊಡೆದವನ ಕಣ್ಣಿಗೇ ಬೀಳಬಹುದು, ಹಿಂದೆ ನಾಲ್ಕು ಮಡಿಕೆ ಕೌದಿ ಇಳಿಬಿಟ್ಟುಕೊಳ್ಳಿ, ಮನೆಯವರನ್ನು ಹೊರಗೆ ಕಳಿಸಿ ಎಂದೂ ಹೇಳಿದ. ಬಸಲಿಂಗಯ್ಯ ಇದೆಲ್ಲ ತನಗೆ ಮೊದಲೇ ಗೊತ್ತಿದ್ದಂತೆ ಗೋಣು ಹಾಕುತ್ತಿದ್ದ.

ಲಗಮಪ್ಪ ಮಾತ್ರ ಯಾರ ಮಾತಿಗೂ ಬೀಳಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದ. ಒಂದೊಂದೇ ಬಂದೂಕನ್ನು ಕೆಳಗಿಳಿಸಿ ಹಿಡಿಯಿಂದ ಕುದುರೆಯವರೆಗೆ ಎಷ್ಟು, ತನ್ನ ಮೊಣಕೈಯಿಂದ ಬೆರಳಿನವರೆಗೆ ಎಷ್ಟು ಎಂದು ಅಳೆಯತೊಡಗಿದ. ಇದರ ಹಿಡಿ ಎರಡು ಇಂಚು ಉದ್ದ, ಇದರ ಭಾರವೆಲ್ಲ ಮುಂದೆ ಬಿದ್ದಿದೆ, ಇದು ಹೆಗಲಿಗೆ ಕೂಡುವುದಿಲ್ಲ. ಐದನೆಯದು ಸರಿಯಾಯಿತು, ಅದು ಅಂಗಡಿಯಾತ ಮೊದಲು ಹೇಳಿದ್ದೇ ಆಗಿತ್ತು. ಟೇಪು ಹಿಡಿದು ಬಂದೂಕು ತಗೊಂಡವರನ್ನು ನಾನು ನೋಡಿಯೇ ಇಲ್ಲ ಎಂದು ಆತ ನಕ್ಕ.

"ಅಳತಿ ತಗೊಳ್ಳಾರದ ಕತ್ತರಿ ಹಚ್ಚಬಾರದ್ರಿ," ಎಂದ ಲಗಮಪ್ಪ. "ಅದು ನಮ್ಮ ಕಸಬಿನ ಮೊದಲನೇ ಪಾಠ."

ಮನಸ್ಸು ಬದಲಾದರೆ ಎಂಟು ದಿನದೊಳಗೆ ವಾಪಸು ತನ್ನಿ, ಒಂದೂ ಗುಂಡು ಹಾರಿಸಿರಬಾರದು, ಪೆಟ್ಟಿಗೆ ಮತ್ತು ಬಿಲ್ಲು ಹೀಗೇ ಇರಬೇಕು ಎಂದು ಹೇಳಿ ಆತ ಬಿಲ್ಲನ್ನು ರಟ್ಟಿನ ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದ. ಆ ಉದ್ದನೆಯ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಮೂವರೂ ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಬಂದರು. ಹಳಿಯಾಳದಲ್ಲಿ ಹತ್ತಿದ ಒಬ್ಬ ಮುದುಕಿ ಅದರೊಳಗೆ ಏನಿದೆ ಎಂದು ಕೇಳಿದಳು. ಗೋಡೆ ಗಡಿಯಾರ ಎಂದ ತಾಜುದ್ದೀನ. ಇಳಿಯುವವರೆಗೂ ಅವಳು ಟೈಮು ಎಷ್ಟಾಯಿತು ಎಂದು ಅವನನ್ನೇ ಕೇಳುತ್ತಿದ್ದಳು.

ಮನೆಗೆ ಬಂದಾಗ ಮಿಲ್ಲಿನ ಮೂರು ಗಂಟೆಯ ಭೋಂಗಾ ಕೂಗುತ್ತಿತ್ತು. ಹಸಿವೆಯಿಂದ ಮೂವರ ಕಣ್ಣೂ ಒಳಗೆ ಹೋಗಿದ್ದವು. ದುರ್ಗವ್ವ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದಳು, ಗಂಡನ ಮುಖ ನೋಡಿದಳು.

"ಇದನ್ನ ಇವತ್ತ ತಂದ್ರೇನ್ರಿ?" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆ ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಇಲಿವಾರದ ದಿನ ಕಪಾಟಿನ ಕೆಳಗಿನ ಬಿಲದ ಮುಂದೆ ಎಲೆಯ ಮೇಲೆ ಐದು ಕಡುಬು ಇಡಬೇಕು, ಇಲಿ ಬಂದು ಬಾಯಿ ಹಾಕಿದ ಮೇಲೆಯೇ ಮನೆಯವರು ಉಣ್ಣಬೇಕು. ಬೇರೆ ವರ್ಷ ಎಲೆ ಇಟ್ಟು ತಿರುಗುವಷ್ಟರಲ್ಲಿ ಒಂದು ಕಡುಬು ಹೋಗಿರುತ್ತಿತ್ತು. ಇಂದು ಹನ್ನೆರಡಕ್ಕೆ ಇಟ್ಟ ಎಲೆ ಹಾಗೆಯೇ ಇದೆ. ಸಹನಾಳಿಗೆ ಮಾತ್ರ ಉಪವಾಸ ಬೇಡವೆಂದು ಬೆಳಿಗ್ಗೆಯೇ ರೊಟ್ಟಿ ಕೊಟ್ಟಾಗಿತ್ತು. ಆದರೆ ಕಡುಬು ಅವಳಿಗೂ ಇಲ್ಲ. ಹೂರಣದ ವಾಸನೆ ಇಡೀ ಮನೆಯಲ್ಲಿ ತುಂಬಿಕೊಂಡಿತ್ತು, ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು.

ಬಂದೂಕು ಮನೆಗೆ ಬರುವುದು ಅದಕ್ಕೆ ಮೊದಲೇ ಗೊತ್ತಾಗಿದೆ, ಸಿಟ್ಟು ಮಾಡಿಕೊಂಡಿದೆ ಎಂದು ದುರ್ಗವ್ವ ಕಣ್ಣೊರೆಸಿಕೊಂಡಳು. ನಾಡಿದ್ದು ಮಗಳ ಕುಬಸ, ಇಂದು ನೈವೇದ್ಯ ಹೀಗೆ ಬಿದ್ದಿರುವುದು ಒಳ್ಳೆಯದಲ್ಲ ಎಂದಳು. ಲಗಮಪ್ಪ ಕೂಡಲೇ ಪೆಟ್ಟಿಗೆಯನ್ನು ಒಯ್ದು ಹಿಂದಿನ ಖೋಲಿಯಲ್ಲಿ ಚಿಂದಿ ಚೀಲಗಳ ಹಿಂದೆ ಅಡಗಿಸಿಟ್ಟು ಬಂದ.

ಆದರೂ ಇಲಿ ಬರಲಿಲ್ಲ. ಬಸಲಿಂಗಯ್ಯ ಬಿಲದ ಮುಂದೆ ಕಡ್ಡಿ ಆಡಿಸಿ ಕಾಡಿನಲ್ಲಿ ಪ್ರಾಣಿಗಳನ್ನು ಕರೆಯುವ ಸದ್ದೊಂದನ್ನು ಮಾಡಿದ. ಓಣಿಯ ಎರಡು ನಾಯಿ ಬಂದವು. ತಾಜುದ್ದೀನ ಕಡುಬಿನ ಮೇಲೆ ಇನ್ನಷ್ಟು ತುಪ್ಪ ಹಾಕಲು ಹೇಳಿದ, ಹಾಕಿ ನೋಡಿದ್ದಾಯಿತು. ಮದೀನಾಬಿ ಬಂದು, ತಪ್ಪು ಮಾಡಿದವರೇ ಮಾತಾಡಬೇಕು ಎಂದು ತೀರ್ಪು ಕೊಟ್ಟಳು. ಎಲ್ಲರೂ ಲಗಮಪ್ಪನನ್ನು ನೋಡಿದರು.

ದಾಂಡೇಲಿಯಲ್ಲೇ ಹೆಸರಾದ ಟೇಲರು ಹೊಟ್ಟೆ ಅಡಿಯಾಗಿ ನೆಲದ ಮೇಲೆ ಮಲಗಿ ಬಿಲಕ್ಕೆ ಬಾಯಿ ಹಚ್ಚಿದ. "ನೋಡಪಾ, ಸಿಟ್ಟ ಬಿಡು. ಹೊರಗ ಬಂದ ಉಣ್ಣು. ಇವತ್ತ ನಾ ಏನೂ ಮಾಡೂದಿಲ್ಲ. ನಾಳಿನ ಮಾತ ಮಾತ್ರ ನಾ ಕೊಡಾಂಗಿಲ್ಲ."

"ಹಂಗ ಅನಬ್ಯಾಡ್ರಿ," ಎಂದು ದುರ್ಗವ್ವ ಹಿಂದಿನಿಂದ ಗದರಿದಳು.

"ಆತು, ನಾಳೆನೂ ಮಾಡೂದಿಲ್ಲ. ಸಾನಿ ಜಂಪರಿಗೆ ಬಾಯಿ ಹಚ್ಚಬ್ಯಾಡ, ಅಷ್ಟ. ಅದು ನಮ್ಮವ್ವಂದೈತಿ."

ಈ ಕೊನೆಯ ಮಾತು ಕೇಳಿದ್ದೇ ಹೊಸ್ತಿಲ ಮೇಲಿದ್ದ ಸಹನಾ ತಟ್ಟನೆ ಎದ್ದು ನಿಂತಳು. ಇಷ್ಟು ಮಂದಿ ಕೂಡಿದರೆ ಅದು ಹೇಗೆ ಬರುತ್ತದೆ, ಎಲ್ಲರೂ ಹೊರಗೆ ಕಟ್ಟೆಗೆ ಹೋಗಿ, ನಾನು ಇಲ್ಲೇ ಕೂತು ನೋಡುತ್ತೇನೆ ಎಂದಳು. ಎಲ್ಲರೂ ಹೋದರು. ಹೋಗಿ ಸಾಲಾಗಿ ಕೂತರು. ಹೊಟ್ಟೆಗಳಷ್ಟೇ ಮಾತಾಡುತ್ತಿದ್ದವು.

ಹದಿನೈದು ನಿಮಿಷಕ್ಕೆ ಒಳಗಿನಿಂದ ಸಹನಾ ಕರೆದಳು. "ಅವ್ವಾ, ತಿಂತು. ಬರ್ರಿ ಎಲ್ಲಾರೂ."

ಎಲೆ ಖಾಲಿ. ದುರ್ಗವ್ವ ನೆಲಕ್ಕೆ ಹಣೆ ಹಚ್ಚಿದಳು. ಬಸಲಿಂಗಯ್ಯ ಅದು ತಾನು ಮಾಡಿದ ಸದ್ದಿನ ಪ್ರಭಾವ ಎಂದ, ತಾಜುದ್ದೀನ ತುಪ್ಪ ಎಂದ. ಹೆಚ್ಚು ವಾದಿಸಲು ಇಬ್ಬರಿಗೂ ಪುರುಸೊತ್ತಿರಲಿಲ್ಲ. ಬಿಸಿ ಮಾಡಿದ ಕಡುಬು, ತುಪ್ಪ, ಬದನೆಕಾಯಿ ಪಲ್ಯ. ಮದೀನಾಬಿಗೂ ಅಲ್ಲೇ ಎಲೆ ಹಾಕಿದರು. ಸಹನಾ ಮಾತ್ರ ಒಂದೇ ಕಡುಬು ಸಾಕೆಂದಳು. ಬಸುರಿಯಲ್ಲವೇ, ವಾಸನೆಗೇ ಹೊಟ್ಟೆ ತುಂಬಿರಬೇಕು ಎಂದುಕೊಂಡರು.

ಊಟವಾಗಿ ಎಲ್ಲರೂ ಹೋದ ಮೇಲೆ ಲಗಮಪ್ಪ ನೈವೇದ್ಯದ ಎಲೆ ಎತ್ತಲು ಬಗ್ಗಿದ. ಐದೂ ಕಡುಬು ತಿಂದ ಇಲಿ ಒಂದು ಚೂರನ್ನೂ ಬೀಳಿಸಿರಲಿಲ್ಲ. ಇರಲಿ. ತುಪ್ಪ ಬಳಿದು ತಿಂದಿತ್ತು. ಅದೂ ಇರಲಿ. ಎಲೆಯ ಅಂಚನ್ನು ತನ್ನ ಕಡೆಗೆ ಎರಡು ಬೆರಳಷ್ಟು ಮಡಚಿತ್ತು. ಉಂಡ ಎಲೆಯನ್ನು ತೆರೆದಿಟ್ಟು ಏಳಬಾರದು ಎಂದು ಗುರುಬಸವ್ವ ಈ ಮನೆಯಲ್ಲಿ ಒಬ್ಬಳಿಗೇ ಕೈ ಹಿಡಿದು ಕಲಿಸಿದ್ದಳು.

ಲಗಮಪ್ಪನಿಗೆ ನಗು ಬಂತು. ಅಯ್ಯ ಹುಡುಗಿ, ಎಷ್ಟು ಹಸಿದಿತ್ತೋ ಎಂದುಕೊಂಡ. ನಗುತ್ತ ಎದ್ದವನು ಹಾಗೆಯೇ ನಿಂತ. ಈ ಇಲಿ ಇನ್ನೂ ಏನೇನು ತಿಂದಿರಬಹುದು?

ಡಬ್ಬಿ ತೆಗೆದು ಮೊದಲ ಸಲ ಕುಪ್ಪಸವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ತೋಳಿನ ತುದಿಯಲ್ಲಿ ಹಲ್ಲಿನ ಗುರುತು ಸಾಲಾಗಿದ್ದವು. ಒಂದರಷ್ಟೇ ಇನ್ನೊಂದು, ಒಂದರಷ್ಟೇ ಇನ್ನೊಂದು. ನಲವತ್ತು ವರ್ಷದಿಂದ ಕತ್ತರಿ ಹಿಡಿದವನಿಗೆ ಇನ್ನೇನು ಹೇಳಬೇಕು? ಕುಂಕುಮ ಹಚ್ಚಿಟ್ಟಿದ್ದ ಜಿಗ್‌ಜಾಗ್ ಕತ್ತರಿಯ ಬಾಯಲ್ಲಿ ಒಂದು ಹಸಿರು ಎಳೆ ಇನ್ನೂ ಸಿಕ್ಕಿಕೊಂಡಿತ್ತು.

ಕುಪ್ಪಸವನ್ನು ತಿರುವಿ ಒಳಗಿನ ಹೊಲಿಗೆ ನೋಡಿದ. ಕಂಕುಳ ಹತ್ತಿರ ನಾಲ್ಕು ಹೊಲಿಗೆ ಬಿಟ್ಟುಕೊಂಡಿದ್ದವು, ಎರಡೂ ಕಡೆ. ತೊಡಲು ನೋಡಿದ್ದಾಳೆ, ಮತ್ತೆ ಮತ್ತೆ ನೋಡಿದ್ದಾಳೆ, ತೋಳು ಏರಿಲ್ಲ. ಬಂದೂಕಿಗೆ ಸಹ ಟೇಪು ಹಿಡಿದವನು ತಾನು. ಲಗಮಪ್ಪ ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕೂತ. ನಾಚಿಕೆಯಾಯಿತು.

"ಸಾನೀ, ಇಲ್ಲಿ ಬಾ ನಮ್ಮವ್ವ."

ಸಹನಾ ಬಂದಳು. ಅಪ್ಪನ ಮಡಿಲಲ್ಲಿ ಕುಪ್ಪಸ ಕಂಡು ಬಾಗಿಲಲ್ಲೇ ನಿಂತಳು. ಲಗಮಪ್ಪ ಕೊರಳಿನ ಟೇಪು ತೆಗೆದು, "ಕೈ ಎತ್ತು," ಎಂದ. ತೋಳಿಗೆ ಸುತ್ತಿ ನೋಡಿದ. ಕುಪ್ಪಸ ಎರಡು ಇಂಚು ಕಮ್ಮಿ ಬಿದ್ದಿತ್ತು. ಅವಳು ಇನ್ನೊಂದು ತೋಳನ್ನೂ ತಾನೇ ಎತ್ತಿದಳು, ಎತ್ತಿಕೊಂಡೇ ಅಳತೊಡಗಿದಳು.

"ನೀ ಹೊಲದದ್ದು ನನಗ ಬಿಗಿ ಆಗೇತಿ ಅಂತ ನಾ ಹೆಂಗ ಹೇಳ್ಲಿ ಅಪ್ಪಾ? ಅಳತಿ ಬೇಕಾಗಿಲ್ಲ ಅಂತ ಓಣಿಗೆಲ್ಲಾ ಹೇಳಿದ್ದಿ. ಕುಬಸದ ದಿನ ಮಂದಿ ಮುಂದ ಏರಲಿಲ್ಲ ಅಂದ್ರ ನಿನ್ನ ಮಾರಿ ಹೆಂಗ ನೋಡ್ಲಿ ಅಂತ..."

"ಇಲಿ ಭಾಳ ಶಾಣ್ಯಾ ಐತಿ ಬಿಡು," ಎಂದ ಲಗಮಪ್ಪ. "ನನ್ನ ಮರ್ಯಾದಿ ಉಳಸೇತಿ."

ಅವಳು ಅಳುತ್ತಲೇ ನಕ್ಕಳು. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಎಡದೋಳನ್ನೂ ಅಷ್ಟೇ ಗಿಡ್ಡ ಮಾಡಿ, ಉಳಿದ ಗೇಣು ಖಣದಲ್ಲಿ ನಾಲ್ಕು ಪಟ್ಟಿ ತೆಗೆದು ಎರಡೂ ತೋಳಿಗೆ, ಎರಡೂ ಪಕ್ಕಕ್ಕೆ ಕೂಡಿಸಿದರೆ ಸರಿಹೋಗುತ್ತದೆ ಎಂದು ಅವನು ಬೆರಳಿನಿಂದ ತೋರಿಸಿದ. ಅವ್ವನಿಗೆ ಏನು ಹೇಳುವುದು ಎಂದು ಅವಳು ಕೇಳಿದಳು. ಅವ್ವನಿಗೂ ಓಣಿಗೂ ಇಲಿಯೇ ಎಂದ. ಅವಳು ಮೂಗು ಒರೆಸಿಕೊಂಡು, ಇನ್ನೊಂದು ಕಡುಬು ಇದೆಯೇ ನೋಡುತ್ತೇನೆ ಎಂದು ಒಳಗೆ ಹೋದಳು.

ಲಗಮಪ್ಪನಿಗೆ ಮನಸ್ಸು ಹೂವಿನಷ್ಟು ಹಗುರವಾಯಿತು. ಇನ್ನು ಬಂದೂಕು ಯಾಕೆ? ಪಾಪದ ಪ್ರಾಣಿಯ ಮೇಲೆ ಇಲ್ಲದ ಕಳ್ಳತನ ಹೊರಿಸಿದ್ದಾಯಿತು. ಗುಂಡು ಹಾರಿಸಿಲ್ಲ, ಪೆಟ್ಟಿಗೆ ಇದೆ, ಬಿಲ್ಲು ಇದೆ, ಕುಬಸ ಮುಗಿದ ಮರುದಿನವೇ ವಾಪಸು ಕೊಟ್ಟು ಬರುವುದು. ಹಾಗೆಂದುಕೊಂಡು ಹಿಂದಿನ ಖೋಲಿಗೆ ಹೋಗಿ ದೀಪ ಹಾಕಿ ಚಿಂದಿ ಚೀಲ ಸರಿಸಿದ.

ಇಲಿ ಮಧ್ಯಾಹ್ನವಿಡೀ ಯಾಕೆ ಊಟಕ್ಕೆ ಬರಲಿಲ್ಲ ಎಂಬುದು ಆಗ ಗೊತ್ತಾಯಿತು. ಮೂರರವರೆಗೆ ಏನು ಮಾಡುತ್ತಿತ್ತೋ, ಪೆಟ್ಟಿಗೆ ಬಂದ ಮೇಲಂತೂ ಅದಕ್ಕೆ ಕೈತುಂಬ ಕೆಲಸವಿತ್ತು. ಪೆಟ್ಟಿಗೆಯ ಒಂದು ಬದಿಯೇ ಇರಲಿಲ್ಲ, ರಟ್ಟೆಲ್ಲ ಅವಲಕ್ಕಿಯಾಗಿತ್ತು. ಬಿಲ್ಲು ಇನ್ನೂ ನುಣ್ಣಗಾಗಿತ್ತು. ಅದರ ಮೇಲೆ ಅಂಗಡಿಯ ನೀಲಿ ಶಿಕ್ಕಾದ ಅರ್ಧ ಉಳಿದಿತ್ತು. ಬಂದೂಕು ಬತ್ತಲೆಯಾಗಿ ಬಿದ್ದಿತ್ತು, ಅದರ ಪಕ್ಕದಲ್ಲಿ ಚೂರುಗಳ ಮೆತ್ತನೆಯ ಹಾಸಿಗೆ. ಹಾಸಿಗೆಯ ಮೇಲೆ ಇಲಿ. ಅದರ ಹೊಟ್ಟೆ ನೆಲಕ್ಕೆ ತಾಗುವಷ್ಟು ದಪ್ಪಗಿತ್ತು. ಅದೂ ದಿನ ತುಂಬಿದ ಬಸುರಿ.

ಓಡಲಿಲ್ಲ. ಓಡುವ ಸ್ಥಿತಿಯಲ್ಲಿ ಇರಲಿಲ್ಲವೋ ಏನೋ. ಲಗಮಪ್ಪನನ್ನು ನೋಡುತ್ತ ಕೂತಿತು.

ಹೊರಗಿನಿಂದ ತಾಜುದ್ದೀನನ ಕೂಗು ಬಂತು. ನಾಳೆ ಸಂಜೆ ಓಣಿಯವರೆಲ್ಲ ಬೇಟೆ ನೋಡಲು ಬರುತ್ತಾರಂತೆ, ಕೌದಿ ತನ್ನ ಮನೆಯಿಂದಲೇ ತರುತ್ತಾನಂತೆ. ಬಿಲಕ್ಕೆ ಕೊಟ್ಟ ಮಾತು ಬರೀ ಇಲಿಯನ್ನು ಹೊರಗೆ ಕರೆಯುವ ಉಪಾಯವೆಂದೇ ಅವನು ತಿಳಿದಿದ್ದ. ಲಗಮಪ್ಪ ಹ್ಞೂಂ ಎಂದ. ಬೇಡವೆಂದರೆ ಯಾಕೆ ಎಂದು ಹೇಳಬೇಕು, ಯಾಕೆ ಎಂದು ಹೇಳಿದರೆ ಮಗಳ ಗುಟ್ಟು ಹೊರಬೀಳುತ್ತದೆ. ಇನ್ನು ಓಣಿಯವರ ಮುಂದೆ ದಿನಾ ಸಂಜೆ ಬಂದೂಕು ಹಿಡಿದು ಕೂತು, ದಿನಾ ಗುರಿ ತಪ್ಪಬೇಕು. ಅವನು ಬಂದೂಕನ್ನೊಮ್ಮೆ ನೋಡಿದ, ಇಲಿಯನ್ನೊಮ್ಮೆ ನೋಡಿದ. ಮಾಡದ ತಪ್ಪಿಗೆ ಅದನ್ನು ಹೊಡೆಯುವಂತಿರಲಿಲ್ಲ. ಮಾಡಿದ ತಪ್ಪಿಗೆ ಹೊಡೆಯೋಣವೆಂದರೆ ಅಂದು ಇಲಿವಾರ.

ಅಡುಗೆಮನೆಗೆ ಹೋಗಿ, ಸಹನಾಳ ಕಣ್ಣು ತಪ್ಪಿಸಿ, ಕೊನೆಗೆ ಉಳಿದಿದ್ದ ಕಡುಬನ್ನು ತುಪ್ಪದಲ್ಲಿ ಅದ್ದಿ ತಂದು ಪೆಟ್ಟಿಗೆಯ ಪಕ್ಕದಲ್ಲಿಟ್ಟ. ಬೆಳಗಿನಿಂದ ಪಾಪ, ಅದಕ್ಕೊಂದು ತುಣುಕೂ ಸಿಕ್ಕಿರಲಿಲ್ಲ.